ಡ್ರಮ್ಮಿನಲ್ಲಿ ಆರು ವರ್ಷ ಕೂತಿದ್ದ ಡೀಸೆಲ್, 5 ಎಚ್‌ಪಿ ಪಂಪ್‌ಸೆಟ್ ಎಂಜಿನ್

ಹಿರಿಯೂರಿನ ಹತ್ತಿರ ನಮ್ಮ ದೊಡ್ಡಪ್ಪನ ತೋಟದ ಶೆಡ್ಡಿನಲ್ಲಿ 200 ಲೀಟರಿನ ಕಬ್ಬಿಣದ ಡ್ರಮ್ ಒಂದಿದೆ. 2019ರ ಬೇಸಿಗೆಯಲ್ಲಿ ತುಂಬಿಸಿದ ಡೀಸೆಲ್ ಅದರಲ್ಲಿ ಮುಕ್ಕಾಲು ಭಾಗ ಹಾಗೇ ಉಳಿದಿತ್ತು. ಆ ವರ್ಷ ಬೋರ್‌ಗಳು ಕೈಕೊಟ್ಟಿದ್ದವು. ಟ್ಯಾಂಕರ್ ನೀರನ್ನು ಕೃಷಿ ಹೊಂಡಕ್ಕೆ ಬಿಟ್ಟುಕೊಂಡು, ಅಲ್ಲಿಂದ ಡೀಸೆಲ್ ಎಂಜಿನ್ ಹಚ್ಚಿ ತೆಂಗು, ಅಡಿಕೆಗೆ ಹಾಯಿಸುತ್ತಿದ್ದರು. ಆಮೇಲೆ ಮಳೆ ಚೆನ್ನಾಗಿ ಬಂತು. 2022ರಲ್ಲಿ ಮಾರಿಕಣಿವೆ (ವಾಣಿವಿಲಾಸ ಸಾಗರ) ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಎಂಜಿನ್ನು, ಡ್ರಮ್ಮು ಎರಡೂ ಮೂಲೆ ಸೇರಿದವು.

ಈ ವರ್ಷ ಟಿ.ಸಿ. (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟುಹೋಯಿತು. ಹೊಂಡದಲ್ಲಿ ನೀರಿದೆ, ಎತ್ತೋದಕ್ಕೆ ಕರೆಂಟಿಲ್ಲ. ಎಂಜಿನ್ ನೆನಪಾಯಿತು, ಜೊತೆಗೆ ಡೀಸೆಲ್ಲೂ. ‘ಅದು ಕೆಟ್ಟಿರುತ್ತೆ ಕಣೋ, ಗುಜರಿಯವನಿಗೆ ಡ್ರಮ್ ಸಮೇತ ಕೊಟ್ಟುಬಿಡು’ ಅಂದರು ದೊಡ್ಡಪ್ಪ. ಲೀಟರಿಗೆ 90 ರೂಪಾಯಿ ಅಂತ ಹಿಡಿದರೂ 12 ಸಾವಿರಕ್ಕಿಂತ ಜಾಸ್ತಿ ಬೆಲೆಯ ಮಾಲು. ಸುಮ್ನೆ ಬಿಡೋಕೆ ಮನಸ್ಸು ಬರಲಿಲ್ಲ.

ನಮ್ಮ ಭಾವ ಮಲ್ಪೆಯಲ್ಲಿ ಬೋಟ್ ಎಂಜಿನ್ ಕೆಲಸ ಮಾಡುತ್ತಾರೆ. ಮುಂಚೆ ಗೋವಾದಲ್ಲಿ ಹಾಯಿದೋಣಿಗಳ ಎಂಜಿನ್ನನ್ನೂ ನೋಡಿಕೊಂಡವರು. ಹಳೆ ಡೀಸೆಲ್ ವಿಷಯದಲ್ಲಿ ಅವರಿಗಿಂತ ಚೆನ್ನಾಗಿ ಹೇಳುವವರು ನನಗೆ ಗೊತ್ತಿಲ್ಲ. ಮೀನುಗಾರಿಕೆ ಬೋಟುಗಳು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮಳೆಗಾಲದ ನಿಷೇಧದಲ್ಲಿ ದಡದಲ್ಲೇ ನಿಲ್ಲುತ್ತವೆ. ಹಾಯಿದೋಣಿಯ ಕಥೆ ಇನ್ನೂ ಬೇರೆ. ಅದು ಓಡುವುದು ಗಾಳಿಯ ಮೇಲೆ. ದಡ ಬಿಡುವಾಗ, ದಡ ಸೇರುವಾಗ ಸ್ವಲ್ಪ ಹೊತ್ತು ಮಾತ್ರ ಎಂಜಿನ್. ಹಾಗಾಗಿ ಒಮ್ಮೆ ತುಂಬಿಸಿದ ಡೀಸೆಲ್ ವರ್ಷಗಟ್ಟಲೆ ಟ್ಯಾಂಕಿನಲ್ಲೇ ಕೂರುತ್ತದೆ. ಸಮುದ್ರ ಶಾಂತವಾಗಿದ್ದಾಗ ಏನೂ ಗೊತ್ತಾಗುವುದಿಲ್ಲ. ಅಲೆ ಜೋರಾದ ದಿನ ತಳದ ಕೆಸರು ಕದಡಿ, ಫಿಲ್ಟರ್ ಕಟ್ಟಿ, ಬಂಡೆಗಳ ಹತ್ತಿರ ಇರುವಾಗಲೇ ಎಂಜಿನ್ ನಿಲ್ಲುತ್ತದೆ. ಫೋನಿನಲ್ಲಿ ಭಾವ ಕೇಳಿದ ಮೊದಲ ಪ್ರಶ್ನೆ: ‘ಡ್ರಮ್ ಅಲುಗಾಡಿಸಿದ್ದೀಯಾ?’ ಇಲ್ಲ ಅಂದೆ. ‘ಹಾಗಾದ್ರೆ ಅದರಲ್ಲಿ ಬಹುಪಾಲು ನಿನಗೆ ಸಿಗುತ್ತೆ. ತಳ ಮುಟ್ಟಬೇಡ’ ಅಂದರು.

ಕೆಳಗಿರುವುದು ಮಾಡಿದ ಕ್ರಮದಲ್ಲೇ ಇದೆ.

1. ಅಲುಗಾಡಿಸದೆ ಅಳೆದದ್ದು

ಡ್ರಮ್ ನೇರವಾಗಿ ನಿಂತಿತ್ತು. ಅದರ ಮೇಲೆ ಶೆಡ್ಡಿನ ಛಾವಣಿಯ ಶೀಟಿನಲ್ಲಿ ತೂತು. ಡ್ರಮ್ಮಿನ ಮೇಲ್ಭಾಗದ ಅಂಚಿನೊಳಗೆ ಮಳೆನೀರು ನಿಂತು ಒಣಗಿದ ತುಕ್ಕಿನ ಉಂಗುರ ಕಾಣುತ್ತಿತ್ತು. ನೀರು ಒಳಗೆ ಹೋದ ದಾರಿ ಇದೇ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಬಿರಡೆಯ ಸಂದಿಯಿಂದ ಹೊರಗೆ ಹೋಗುತ್ತದೆ, ರಾತ್ರಿ ತಣ್ಣಗಾದಾಗ ವಾಪಸ್ ಎಳೆದುಕೊಳ್ಳುತ್ತದೆ. ಬಿರಡೆಯ ಮೇಲೆ ನೀರು ನಿಂತಿದ್ದರೆ ಗಾಳಿಯ ಬದಲು ನೀರನ್ನೇ ಎಳೆಯುತ್ತದೆ. ಬಿರಡೆ ಗಟ್ಟಿಯಾಗಿದೆ ಅಂತ ಕಂಡರೂ ಹೀಗಾಗುತ್ತದೆ.

ಬಂಕಿನಲ್ಲಿ ನೆಲದಡಿಯ ಟ್ಯಾಂಕಿಗೆ ನೀರು ಸೇರಿದೆಯಾ ಅಂತ ನೋಡಲು ಅಳತೆ ಕೋಲಿಗೆ ನೀರು ತಗುಲಿದರೆ ಬಣ್ಣ ಬದಲಾಗುವ ವಾಟರ್ ಪೇಸ್ಟ್ ಹಚ್ಚುತ್ತಾರೆ. ಪರಿಚಯದ ಹುಡುಗನ ಹತ್ತಿರ ಒಂದು ಚಿಟಿಕೆ ಇಸ್ಕೊಂಡು ಬಂದೆ. ಸಪೂರ ಬಿದಿರು ಕಡ್ಡಿಯ ಕೆಳಗಿನ ಒಂದು ಗೇಣಿಗೆ ಸವರಿ, ದೊಡ್ಡ ಬಿರಡೆಯ ತೂತಿನಿಂದ ನಿಧಾನ ಇಳಿಸಿ, ತಳ ಮುಟ್ಟಿಸಿ, ಅರ್ಧ ನಿಮಿಷ ಹಿಡಿದು ತೆಗೆದೆ. ಕಡ್ಡಿ ನೆನೆದದ್ದು 59 ಸೆಂ.ಮೀ. ಪೇಸ್ಟಿನ ಬಣ್ಣ ಬದಲಾದದ್ದು ಕೆಳಗಿನ 3 ಸೆಂ.ಮೀ.

ಈ ಡ್ರಮ್ಮುಗಳ ಒಳ ಅಗಲ 57 ಸೆಂ.ಮೀ. ಆಸುಪಾಸು. ಅಂದರೆ ಒಂದು ಸೆಂಟಿಮೀಟರ್ ಎತ್ತರಕ್ಕೆ ಸುಮಾರು ಎರಡೂವರೆ ಲೀಟರ್. ಆ ಲೆಕ್ಕಕ್ಕೆ ನಮ್ಮಲ್ಲಿ ಇದ್ದದ್ದು 140 ಲೀಟರ್ ಡೀಸೆಲ್, 7-8 ಲೀಟರ್ ನೀರು. ಅಷ್ಟು ನೀರು ಇರಬಹುದು ಅಂತ ದೊಡ್ಡಪ್ಪ ಅಂದುಕೊಂಡಿರಲಿಲ್ಲ. ಕಡ್ಡಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು.

ಮಾದರಿ ತೆಗೆಯಲು ಗಾರೆ ಕೆಲಸದವರ ಲೆವೆಲ್ ಪೈಪ್ ಸಾಕು. ಮೇಲಿನ ಬಾಯಿ ಹೆಬ್ಬೆರಳಿನಲ್ಲಿ ಮುಚ್ಚಿ ಬೇಕಾದ ಆಳಕ್ಕೆ ಇಳಿಸಬೇಕು, ಬೆರಳು ತೆಗೆದು ತುಂಬಿಕೊಳ್ಳಲು ಬಿಡಬೇಕು, ಮತ್ತೆ ಮುಚ್ಚಿ ಎತ್ತಬೇಕು. ಮೇಲಿನದು, ನಡುವಿನದು, ತಳದ್ದು ಅಂತ ಮೂರು ಗಾಜಿನ ಬಾಟಲಿಗೆ ಹಾಕಿದೆ.

ತಳದ ಬಾಟಲಿಯನ್ನು ಬಿಸಿಲಿಗೆ ಹಿಡಿದು ತುಂಬ ಹೊತ್ತು ನೋಡಿದೆ. ಕೆಳಗೆ ಮಂಕಾದ ಬೂದು ನೀರು, ಅದರಲ್ಲಿ ಕಪ್ಪು ಚೂರುಗಳು. ಮೇಲೆ ಕಂದು ಡೀಸೆಲ್. ಎರಡರ ನಡುವೆ ಹಾಲಿನ ಕೆನೆಯ ಹಾಗೆ ಒಂದು ಪೊರೆ. ಬಾಟಲಿ ಓರೆ ಮಾಡಿದರೆ ಪೊರೆ ಹರಿಯದೆ ಒಟ್ಟಾಗಿ ಜಾರುತ್ತದೆ, ಗಾಜಿಗೆ ಎಳೆ ಎಳೆಯಾಗಿ ಅಂಟಿಕೊಳ್ಳುತ್ತದೆ. ಬೋಟಿನವರು ಹೆದರುವುದು ಇದಕ್ಕೇ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ. ನೀರಿನಲ್ಲಿ ಬದುಕಿ ಡೀಸೆಲ್ಲನ್ನು ತಿನ್ನುತ್ತವೆ. ನೀರಿಲ್ಲದಿದ್ದರೆ ಅವು ಬೆಳೆಯುವುದಿಲ್ಲ.

2. ಮೇಲಿನ ಡೀಸೆಲ್ ಹೇಗಿದೆ

ಬಂಕಿನಿಂದ ಒಂದು ಲೀಟರ್ ಹೊಸ ಡೀಸೆಲ್ ತಂದು ಪಕ್ಕದಲ್ಲಿಟ್ಟೆ. ಹಳೆಯದು ಬಣ್ಣದಲ್ಲಿ ಗಾಢ. ವಾಸನೆ ಸ್ವಲ್ಪ ವಾರ್ನಿಷ್ ಕಡೆಗೆ ತಿರುಗಿದೆ, ಆದರೆ ಹುಳಿ ವಾಸನೆ ಇಲ್ಲ. ಬಾಟಲಿಯ ಹಿಂದೆ ದಿನಪತ್ರಿಕೆ ಹಿಡಿದರೆ ಮೇಲಿನ ಮತ್ತು ನಡುವಿನ ಮಾದರಿಯಲ್ಲಿ ಸಣ್ಣ ಅಕ್ಷರವೂ ಓದಲು ಬರುತ್ತಿತ್ತು. ತಳದ್ದರಲ್ಲಿ ಹೆಡ್‌ಲೈನ್ ಕೂಡ ಕಾಣಲಿಲ್ಲ.

ಯಾರಾದರೂ ಸೀಮೆಎಣ್ಣೆ ಬೆರೆಸಿದ್ದಾರಾ ಅನ್ನುವ ಅನುಮಾನಕ್ಕೆ ತೂಕ ನೋಡಿದೆ. ಮಧ್ಯಾಹ್ನದ ಬಿಸಿಯಲ್ಲಿ ಹಳೆಯದು ಲೀಟರಿಗೆ 826 ಗ್ರಾಂ, ಹೊಸದು 822. ಸೀಮೆಎಣ್ಣೆ ಜಾಸ್ತಿ ಬೆರೆತಿದ್ದರೆ ಕಡಿಮೆ ಬರಬೇಕಿತ್ತು. ತೂಕ ನೋಡುವಾಗ ಎರಡೂ ಒಂದೇ ಬಿಸಿಯಲ್ಲಿರಬೇಕು. ಒಂದು ಬಿಸಿಲಿನಲ್ಲಿ, ಒಂದು ನೆರಳಿನಲ್ಲಿ ಇಟ್ಟು ತೂಗಿದರೆ ಲೆಕ್ಕ ತಪ್ಪುತ್ತದೆ.

ಒಂದು ಮುಖ್ಯ ವಿಷಯ: ಮಧ್ಯಾಹ್ನ ಕನ್ನಡಿಯ ಹಾಗೆ ಕಂಡ ನಡುವಿನ ಮಾದರಿ ಮರುದಿನ ಬೆಳಿಗ್ಗೆ ಆರಕ್ಕೆ ತೆಳುವಾಗಿ ಮಂಜಾಗಿತ್ತು. ಬಿಸಿ ಇದ್ದಾಗ ಡೀಸೆಲ್ಲಿನಲ್ಲಿ ಕರಗಿಕೊಂಡಿರುವ ನೀರು ತಣ್ಣಗಾದಾಗ ಹೊರಗೆ ಬರುತ್ತದೆ. ಆದ್ದರಿಂದ ಡೀಸೆಲ್ ತಿಳಿಯಾಗಿದೆಯಾ ಅಂತ ನೋಡುವುದಿದ್ದರೆ ಬೆಳಗಿನ ಜಾವ ನೋಡಿ. ಮಧ್ಯಾಹ್ನದ ನೋಟವನ್ನು ನಂಬಬೇಡಿ.

ಹಂಚಿನ ಮೇಲೆ ಹನಿ ಹಾಕಿ ಚಟಪಟ ಅನ್ನುತ್ತಾ ನೋಡು ಅಂತ ಒಬ್ಬರು ಹೇಳಿದರು. ಎಂಜಿನ್ ಆಯಿಲ್‌ಗೆ ಆ ಪರೀಕ್ಷೆ ಮಾಡುತ್ತಾರೆ. ಡೀಸೆಲ್‌ಗೆ ಬೇಡ, ಬೆಂಕಿ ಹತ್ತುತ್ತದೆ.

3. ಡ್ರಮ್ಮಿನಿಂದ ಕ್ಯಾನಿಗೆ

ಮೊದಲು ತೋಟದ ಹಸಿರು ಪೈಪ್ ಇಳಿಸಿ ಸೈಫನ್ ಮಾಡಿದ್ದು ಕೆಲಸಕ್ಕೆ ಬರಲಿಲ್ಲ. ಸುರುಳಿ ಸುತ್ತಿಟ್ಟ ಪೈಪ್ ಒಳಗೆ ಹೋದ ಮೇಲೆ ತನ್ನಷ್ಟಕ್ಕೆ ಬಾಗಿ ತುದಿ ತಳಕ್ಕೆ ಹೋಯಿತು. ಕ್ಯಾನಿಗೆ ಮೊದಲು ಬಿದ್ದದ್ದೇ ಬೂದು ನೀರು. ಕೂಡಲೇ ನಿಲ್ಲಿಸಿ, ಆ ಕ್ಯಾನನ್ನು ಬೇರೆ ಇಟ್ಟು, ಡ್ರಮ್ಮನ್ನು ಎರಡು ರಾತ್ರಿ ಮುಟ್ಟದೆ ಬಿಟ್ಟೆ.

ಎರಡನೆಯ ಸಲ ಬಾಡಿಗೆಗೆ ಬ್ಯಾರೆಲ್ ಪಂಪ್ ತಂದೆ. ಕೈಯಲ್ಲಿ ತಿರುಗಿಸುವಂಥದ್ದು, ದಿನಕ್ಕೆ 100 ರೂಪಾಯಿ. ಅದರ ಪೈಪ್ ಸಾಮಾನ್ಯವಾಗಿ ತಳದವರೆಗೆ ಹೋಗುತ್ತದೆ. ಡ್ರಮ್ ಪೂರ್ತಿ ಖಾಲಿ ಮಾಡಲಿ ಅಂತಲೇ ಹಾಗೆ ಮಾಡಿರುತ್ತಾರೆ. ನಮಗೆ ಬೇಕಿರುವುದು ಅದಕ್ಕೆ ಉಲ್ಟಾ. ಕೆಳಗಿನ ತುಂಡು ಬಿಚ್ಚಿ, ತುದಿ ತಳದಿಂದ 10 ಸೆಂ.ಮೀ. ಮೇಲೆ ನಿಲ್ಲುವ ಹಾಗೆ ಮಾಡಿಕೊಂಡೆ. ನೀರು 3 ಸೆಂ.ಮೀ., ಅದರ ಮೇಲೆ ಪೊರೆ, ಅದರ ಮೇಲೂ ಒಂದಿಷ್ಟು ಡೀಸೆಲ್ ಬಿಟ್ಟುಬಿಡುವ ಲೆಕ್ಕ. ನಿಧಾನವಾಗಿ ತಿರುಗಿಸಬೇಕು. ಜೋರಾಗಿ ತಿರುಗಿಸಿದರೆ ಎಳೆತಕ್ಕೆ ತಳ ಕದಡುತ್ತದೆ.

ಬಾಯಿ ಹಾಕಿ ಪೈಪ್ ಎಳೆಯುವ ಅಭ್ಯಾಸ ನಮ್ಮ ಕಡೆ ಎಲ್ಲರಿಗೂ ಇದೆ. ದಯವಿಟ್ಟು ಮಾಡಬೇಡಿ. ಡೀಸೆಲ್ ಹೊಟ್ಟೆಗೆ ಹೋಗುವುದಕ್ಕಿಂತ ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋದರೆ ಜಾಸ್ತಿ ಅಪಾಯ. ಒಂದು ಗುಟುಕಿನಿಂದ ನ್ಯುಮೋನಿಯಾ ಆಗಿ ಜೀವಕ್ಕೇ ಬರಬಹುದು.

35 ಲೀಟರಿನ ಬಿಳಿ ಪ್ಲಾಸ್ಟಿಕ್ ಕ್ಯಾನುಗಳಿಗೆ ಒಟ್ಟು 120 ಲೀಟರಿನಷ್ಟು ಸಿಕ್ಕಿತು. ಬಿಳಿ ಕ್ಯಾನ್ ಯಾಕೆ ಅಂದರೆ ತಳದಲ್ಲಿ ಏನು ಕೂತಿದೆ ಅಂತ ಹೊರಗಿನಿಂದಲೇ ಕಾಣುತ್ತದೆ. ಪಕ್ಕದ ತೋಟದವರು ಜಿಐ ತಗಡಿನ ಟ್ಯಾಂಕ್ ಕೊಡುತ್ತೇನೆ ಅಂದರು, ಬೇಡ ಅಂದೆ. ಸತು ಲೇಪದ ತಗಡು, ತಾಮ್ರ, ಹಿತ್ತಾಳೆ ಇವು ಡೀಸೆಲ್ ಬೇಗ ಕೆಡಲು ದಾರಿ ಮಾಡುತ್ತವೆ. ಬರೀ ಕಬ್ಬಿಣ ಅಥವಾ ಗಟ್ಟಿ ಪ್ಲಾಸ್ಟಿಕ್ ವಾಸಿ.

4. ಸೋಸಿದ್ದು

ಹಳೆ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಕೊಳವೆಗೆ ಕಟ್ಟಿ ಸೋಸಿದೆ. ಎಲ್ಲರೂ ಮಾಡುವುದು ಇದನ್ನೇ. ಸೋಸಿದ ಡೀಸೆಲ್ ಬಾಟಲಿಗೆ ಹಾಕಿ ಟಾರ್ಚ್ ಬಿಟ್ಟರೆ ನೂಲಿನ ಎಳೆಗಳು ತೇಲುತ್ತಿದ್ದವು. ದೊಡ್ಡ ತುಕ್ಕಿನ ಚೂರು ನಿಂತಿದೆ, ಸಣ್ಣದೆಲ್ಲ ಇಳಿದಿದೆ. ನೀರಂತೂ ಬಟ್ಟೆಯಲ್ಲಿ ನಿಲ್ಲುವುದೇ ಇಲ್ಲ. ಕಾರು ಒರೆಸುವ ಶಾಮಿ ಬಟ್ಟೆಯ ಬಗ್ಗೆ ಭಾವನನ್ನು ಕೇಳಿದೆ. ನಿಜವಾದ ಚರ್ಮದ್ದಾದರೆ, ಮೊದಲು ಡೀಸೆಲ್ಲಿನಲ್ಲಿ ನೆನೆಸಿಕೊಂಡರೆ ನೀರನ್ನು ತಡೆಯುತ್ತದಂತೆ. ಅಂಗಡಿಯಲ್ಲಿ ಸಿಕ್ಕಿದ್ದೆಲ್ಲ ಸಿಂಥೆಟಿಕ್. ಅದು ಪ್ರಯೋಜನವಿಲ್ಲ.

ಕೊನೆಗೆ ಮಾಡಿದ್ದು ಟ್ರ್ಯಾಕ್ಟರ್ ಫಿಲ್ಟರ್ ವ್ಯವಸ್ಥೆ. ಹಳೆ ಟ್ರ್ಯಾಕ್ಟರುಗಳಲ್ಲಿ ಜೋಡಿ ಅರ್ಧ ಲೀಟರ್ ಫಿಲ್ಟರ್ ಇರುತ್ತದಲ್ವಾ, ಮೊದಲನೆಯದು ಬಟ್ಟೆಯದು, ಎರಡನೆಯದು ಪೇಪರಿನದು. ಚಿತ್ರದುರ್ಗದ ಬಿ.ಡಿ. ರೋಡಿನ ಕಡೆ ಹಳೆ ಸಾಮಾನಿನಲ್ಲಿ ಅದರ ಹೊರಗಿನ ಕವಚ (ಹೌಸಿಂಗ್) 550 ರೂಪಾಯಿಗೆ ಸಿಕ್ಕಿತು. ಒಳಗೆ ಕೂರಿಸುವ ಹೊಸ ಬಟ್ಟೆ ಮತ್ತು ಪೇಪರ್ ಎಲಿಮೆಂಟ್ ಜೋಡಿಗೆ 240. ಎರಡು ಜೋಡಿ ತಂದೆ. ಅದರ ಮುಂದೆ ಹಳೆ ಟಿಲ್ಲರಿನ ಗಾಜಿನ ಬೌಲ್ ಸೇರಿಸಿದೆ. ಡೀಸೆಲ್ ಬೌಲಿನಲ್ಲಿ ಸುತ್ತಿ ಬರುವಾಗ ನೀರು ಕೆಳಗೆ ಕೂರುತ್ತದೆ, ಕಣ್ಣಿಗೂ ಕಾಣುತ್ತದೆ.

ಜೋಡಣೆ ಹೀಗೆ. ಅಡಿಕೆ ಕೊಯ್ಲಿನ ಏಣಿಯ ಮೇಲೆ, ನೆಲದಿಂದ ಆರಡಿ ಎತ್ತರದಲ್ಲಿ ಹಲಗೆ ಕಟ್ಟಿ ಮೇಲಿನ ಕ್ಯಾನ್. ಕ್ಯಾನಿನ ತಳದಿಂದ ನಾಲ್ಕು ಬೆರಳು ಮೇಲೆ ಕಾಕ್. ಅಲ್ಲಿಂದ 8 ಎಂ.ಎಂ. ಪಾರದರ್ಶಕ ಪೈಪ್, ಗಾಜಿನ ಬೌಲ್, ಬಟ್ಟೆ ಫಿಲ್ಟರ್, ಪೇಪರ್ ಫಿಲ್ಟರ್, ಕೆಳಗಿನ ಕ್ಯಾನ್. ಪಂಪ್ ಬೇಡ, ಇಳಿಜಾರು ಸಾಕು. ಪಂಪ್ ಹಾಕಿದರೆ ನೀರಿನ ಹನಿ ಒಡೆದು ಡೀಸೆಲ್ಲಿನಲ್ಲಿ ಬೆರೆತುಬಿಡುತ್ತದೆ, ಆಮೇಲೆ ಬೇರ್ಪಡಿಸುವುದು ಕಷ್ಟ. ಮೊದಲು ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಗಾಳಿ ಬಿಡದಿದ್ದರೆ ಹರಿವೇ ಶುರುವಾಗುವುದಿಲ್ಲ.

ಹರಿವು ಸಣ್ಣದು. ಸಂಜೆ ಹಚ್ಚಿ ಬೆಳಿಗ್ಗೆ ನೋಡುವಂಥ ಕೆಲಸ. ಕೆಳಗಿನ ಕ್ಯಾನಿನಲ್ಲಿ ಮೇಲಿನ ಕ್ಯಾನಿಗಿಂತ ಜಾಸ್ತಿ ಜಾಗ ಇರುವ ಹಾಗೆ ನೋಡಿಕೊಂಡರೆ ರಾತ್ರಿ ಉಕ್ಕುವ ಭಯವಿಲ್ಲ. ಮೊದಲ ಜೋಡಿ ಫಿಲ್ಟರ್ 40 ಲೀಟರ್ ಆದ ಮೇಲೆ ತೊಟ್ಟಿಕ್ಕಲು ಶುರುವಾಯಿತು. ಬಿಚ್ಚಿದರೆ ಬಟ್ಟೆಯ ಎಲಿಮೆಂಟಿನ ಹೊರಮೈ ಪೂರ್ತಿ ಕಪ್ಪು, ಕೈಗೆ ಲೋಳೆ. ಪೇಪರಿನ ಮಡಿಕೆಗಳಲ್ಲೂ ಕೆಂಚು ಬಣ್ಣ ಹತ್ತಿತ್ತು. ಎರಡನೆಯ ಜೋಡಿ ಉಳಿದ ಅಷ್ಟನ್ನೂ ಸೋಸಿತು. ಎಂಜಿನ್ನಿನ ಫಿಲ್ಟರನ್ನೇ ನಂಬಿ ನೇರ ಟ್ಯಾಂಕಿಗೆ ಹಾಕಿದ್ದರೆ ಈ ಕಪ್ಪೆಲ್ಲ ಅಲ್ಲಿ ಹೋಗಿ ಕೂರುತ್ತಿತ್ತು.

ಬೂಷ್ಟು ಕೊಲ್ಲುವ ಔಷಧಿ ಬೋಟಿನವರು ಹಾಕುತ್ತಾರೆ. ನಾನು ಹಾಕಲಿಲ್ಲ. ಸತ್ತ ಬೂಷ್ಟೂ ಫಿಲ್ಟರಿಗೇ ಬರುತ್ತದೆ, ಅದನ್ನು ಸೋಸಿಯೇ ತೆಗೆಯಬೇಕು. ತಳದ ನೀರು ಬಿಟ್ಟು ಬಂದ ಮೇಲೆ ಅದಕ್ಕೆ ಬೆಳೆಯಲು ಜಾಗವೂ ಇಲ್ಲ. ಟ್ಯಾಂಕ್ ಖಾಲಿ ಮಾಡಲಾಗದ ದೋಣಿಗೆ ಔಷಧಿ ಬೇಕಾಗಬಹುದು, ನಮ್ಮ ಡ್ರಮ್ಮಿಗೆ ಬೇಕಿರಲಿಲ್ಲ. ಸೀಮೆಎಣ್ಣೆ ಬೆರೆಸು, ಪೆಟ್ರೋಲ್ ಒಂದು ಲೋಟ ಹಾಕು ಅನ್ನುವ ಸಲಹೆಗಳೂ ಬಂದವು. ಪೆಟ್ರೋಲ್ ಬೆರೆತ ಡೀಸೆಲ್ ಪಂಪಿಗೂ ಕೆಟ್ಟದ್ದು, ಮನೆಯಲ್ಲಿ ಇಡುವುದಕ್ಕೂ ಅಪಾಯ.

ಸೋಸಿದ ಕ್ಯಾನುಗಳನ್ನು ಶೆಡ್ಡಿನಲ್ಲಿ ಅಲುಗಾಡಿಸದೆ ಇಟ್ಟು ಬೆಳಗಿನ ಹೊತ್ತು ನೋಡುತ್ತಾ ಬಂದೆ. ಒಂದು ಕ್ಯಾನಿನ ತಳದಲ್ಲಿ ಮಾತ್ರ ಒಂದೆರಡು ಚಮಚದಷ್ಟು ನೀರಿನ ಮಣಿಗಳು ಕೂತಿದ್ದವು. ಲೆವೆಲ್ ಪೈಪಿನಲ್ಲಿ ಅದನ್ನು ಎತ್ತಿದೆ. ಉಳಿದವು ಬೆಳಗಿನ ತಂಪಿನಲ್ಲೂ ತಿಳಿಯಾಗಿದ್ದವು.

5. ಎಂಜಿನ್

ನೀರಿನಲ್ಲಿ ತಣ್ಣಗಾಗುವ ಸಿಂಗಲ್ ಸಿಲಿಂಡರ್, 5 ಎಚ್‌ಪಿ, 1500 ಆರ್‌ಪಿಎಂ, ಹ್ಯಾಂಡಲ್ ಹೊಡೆದು ಹಚ್ಚುವುದು. ಹಿರಿಯೂರಿನ ಮೇಸ್ತ್ರಿಯೊಬ್ಬರು ಜೊತೆಗೆ ಬಂದರು. ಪಂಪ್‌ಸೆಟ್ ಕೆಲಸದಲ್ಲೇ ತಲೆ ಹಣ್ಣಾದವರು. ಅವರು ಹ್ಯಾಂಡಲ್ ಮುಟ್ಟುವ ಮುಂಚೆ ನೋಡಿದ್ದು ಎಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕು ಅಂತ ನಿಯಂತ್ರಿಸುವ ಕಡ್ಡಿ, ಅಂದರೆ ಫ್ಯೂಯಲ್ ಪಂಪಿನ ರ‍್ಯಾಕ್. ಬೆರಳಲ್ಲಿ ದೂಡಿದರು, ಅಲುಗಲಿಲ್ಲ.

‘ನೋಡಿ ಸ್ವಾಮಿ, ಇದು ಹಿಂಗೇ ಇದ್ದು ಎಂಜಿನ್ ಹತ್ಕೊಂಡಿದ್ರೆ ನಿಲ್ಸಕ್ಕೆ ಆಗ್ತಿರ್ಲಿಲ್ಲ’ ಅಂದರು.

ಒಳಗೆ ಉಳಿದ ಹಳೆ ಡೀಸೆಲ್ ಒಣಗಿ ಅಂಟಾಗಿ ರ‍್ಯಾಕ್ ಹಿಡಿದುಕೊಂಡಿತ್ತು. ಫುಲ್ ಡೀಸೆಲ್ ಬಿಡುವ ಜಾಗದಲ್ಲಿ ರ‍್ಯಾಕ್ ಸಿಕ್ಕಿಕೊಂಡಿದ್ದರೆ ಸ್ಪೀಡನ್ನು ಹಿಡಿತದಲ್ಲಿಡುವ ಗವರ್ನರ್ ಎಳೆದರೂ ಬರುವುದಿಲ್ಲ, ಎಂಜಿನ್ ಸ್ಪೀಡ್ ಏರುತ್ತಲೇ ಹೋಗುತ್ತದೆ. ವರ್ಷಗಟ್ಟಲೆ ನಿಂತ ಯಾವ ಡೀಸೆಲ್ ಎಂಜಿನ್ನನ್ನೇ ಹಚ್ಚುವುದಿದ್ದರೂ ಇದನ್ನು ಮೊದಲು ನೋಡಿ. ಈ ಬರಹದಿಂದ ಒಂದೇ ವಿಷಯ ತೆಗೆದುಕೊಳ್ಳುವುದಿದ್ದರೆ ಇದನ್ನೇ ತೆಗೆದುಕೊಳ್ಳಿ. ಸೀಮೆಎಣ್ಣೆ ಸವರಿ, ನೆನೆಯಲು ಬಿಟ್ಟು, ಸ್ಕ್ರೂಡ್ರೈವರ್ ಹಿಡಿಯಿಂದ ಮೆತ್ತಗೆ ತಟ್ಟಿ, ಹಿಂದೆ ಮುಂದೆ ಮಾಡಿ, ಸಂಜೆ ಹೊತ್ತಿಗೆ ರ‍್ಯಾಕ್ ಬೆರಳ ತುದಿಯಲ್ಲಿ ಜಾರುವಂತಾಯಿತು.

ಟ್ಯಾಂಕ್ ಇಳಿಸಿದೆವು. ತಳದಲ್ಲಿ ಡ್ರಮ್ಮಿನಲ್ಲಿದ್ದ ಅದೇ ಲೋಳೆ, ಜೊತೆಗೆ ತುಕ್ಕಿನ ಪುಡಿ. ಒಂದು ಹಿಡಿ ನಟ್ಟುಗಳು ಮತ್ತು ಅರ್ಧ ಲೀಟರ್ ಡೀಸೆಲ್ ಹಾಕಿ ಕುಲುಕಿ ಚೆಲ್ಲಿ, ಮತ್ತೆ ಹಾಕಿ ಕುಲುಕಿ, ಬರುವ ಡೀಸೆಲ್ ತಿಳಿಯಾಗುವವರೆಗೆ ತೊಳೆದೆವು. ನೀರಿನಲ್ಲಿ ತೊಳೆಯಬಾರದು, ಸಂದಿಗಳಲ್ಲಿ ಉಳಿಯುತ್ತದೆ. ರಬ್ಬರ್ ಪೈಪ್ ಒಡೆದಿತ್ತು, ಹೊಸದು 60 ರೂಪಾಯಿ. ತಾಮ್ರದ ವಾಷರುಗಳನ್ನೂ ಬದಲಿಸಿದೆವು. ಎಂಜಿನ್ ಫಿಲ್ಟರ್ ಎಲಿಮೆಂಟ್ 130. ಎಂಜಿನ್ ಆಯಿಲ್ ಪೂರ್ತಿ ಹೊಸದು.

ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರನ್ನು ನಾಝಲ್ ಟೆಸ್ಟ್ ಮಾಡುವ ಅಂಗಡಿಗೆ ಕೊಟ್ಟೆ. ಮೊದಲ ಒತ್ತಿಗೆ ಸ್ಪ್ರೇ ಆಗಲಿಲ್ಲ, ತುದಿಯಲ್ಲಿ ಹನಿ ಹನಿ ಸೋರಿತು. ಸೂಜಿಯ ಮೇಲೆ ಕಂದು ವಾರ್ನಿಷ್ ಕಟ್ಟಿತ್ತು. ಬಿಚ್ಚಿ ತೊಳೆದು ಮತ್ತೆ ಒತ್ತಿದಾಗ ಟಕ್ ಅಂತ ಶಬ್ದ ಬಂದು ಹೊಗೆಯಷ್ಟು ನುಣ್ಣಗೆ ಚಿಮ್ಮಿತು. 250 ರೂಪಾಯಿ. ಟೆಸ್ಟ್ ಮಾಡುವಾಗ ಆ ಸ್ಪ್ರೇ ಮುಂದೆ ಕೈ ಒಡ್ಡಬಾರದು, ಆ ಒತ್ತಡದಲ್ಲಿ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಶನ್ ಲಿವರ್ ಎತ್ತಿ ಕೈಯಲ್ಲೇ ನಿಧಾನ ತಿರುಗಿಸಿ, ಎಲ್ಲೂ ಹಿಡಿಯುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೆ ಮುಂದಿನ ಕೆಲಸ.

6. ಮೊದಲು ಹೊಸ ಡೀಸೆಲ್, ಆಮೇಲೆ ಹಳೆಯದು

ಇದು ಮೇಸ್ತ್ರಿಯ ಕ್ರಮ, ಚೆನ್ನಾಗಿದೆ. ಟ್ಯಾಂಕ್ ಕಟ್ಟದೆ, ಒಂದು ಲೀಟರ್ ಬಾಟಲಿಯನ್ನು ಎತ್ತರಕ್ಕೆ ಕಟ್ಟಿ ಅದರಿಂದ ಫಿಲ್ಟರಿಗೆ ಪೈಪ್ ಕೊಟ್ಟರು. ಬಾಟಲಿಯಲ್ಲಿ ಬಂಕಿನ ಹೊಸ ಡೀಸೆಲ್. ಹೊಸದರಲ್ಲಿ ಎಂಜಿನ್ ಸರಿಯಾಗಿ ಓಡಿದರೆ, ಆಮೇಲೆ ಬರುವ ತೊಂದರೆ ಯಾವುದರದ್ದು ಅಂತ ಗೊತ್ತಾಗುತ್ತದೆ.

ಡೀಸೆಲ್ ಬರುವ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ, ಅಂದರೆ ಏರ್ ತೆಗೆದದ್ದು ಹೀಗೆ: ಫಿಲ್ಟರಿನ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಬಿಟ್ಟು ಬಿಗಿ. ಪಂಪಿನ ಸ್ಕ್ರೂ ಹಾಗೇ. ಕೊನೆಗೆ ಇಂಜೆಕ್ಟರ್ ಪೈಪಿನ ನಟ್ ಒಂದು ಸುತ್ತು ಸಡಿಲಿಸಿ, ಹ್ಯಾಂಡಲ್ ತಿರುಗಿಸಿ, ಡೀಸೆಲ್ ಬಂದ ಮೇಲೆ ಬಿಗಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಬೇಕು. ಎಂಜಿನ್ ವಾಪಸ್ ಒದ್ದರೆ ಬೆರಳು ಉಳಿಯುತ್ತದೆ.

ಹತ್ತಿಕೊಂಡಿತು. ಮೊದಲು ಬಿಳಿ ಹೊಗೆ, ಎರಡು ನಿಮಿಷದಲ್ಲಿ ತಿಳಿಯಾಯಿತು. ಹೊಂಡದಿಂದ ನೀರೆತ್ತುವ ಲೋಡಿನಲ್ಲಿ ಒಂದು ಲೀಟರ್ ಹೊಸ ಡೀಸೆಲ್ 54 ನಿಮಿಷ ಬಂತು. ಅದೇ ಬಾಟಲಿಗೆ ಸೋಸಿದ ಹಳೆಯದನ್ನು ಹಾಕಿದಾಗ 53 ನಿಮಿಷ. ಶಬ್ದದಲ್ಲಿ ವ್ಯತ್ಯಾಸ ನನಗೆ ಕೇಳಲಿಲ್ಲ, ಮೇಸ್ತ್ರಿಗೂ ಕೇಳಲಿಲ್ಲ. ಹೊಗೆ ಸ್ಟಾರ್ಟ್ ಆಗುವಾಗ ಸ್ವಲ್ಪ ಜಾಸ್ತಿ ಅನ್ನಿಸಿತು, ಲೋಡಿನಲ್ಲಿ ಒಂದೇ.

ಟ್ಯಾಂಕ್ ಕಟ್ಟಿ, ಅರ್ಧ ಹೊಸದು ಅರ್ಧ ಹಳೆಯದು ಬೆರೆಸಿ ಹಾಕಿದ ಮೇಲೆ ತೊಂದರೆ ಶುರು. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಸ್ಪೀಡ್ ಏರಿಳಿದು, ನಿಂತೇ ಹೋಯಿತು. ‘ಹೇಳ್ಲಿಲ್ವಾ, ಡೀಸೆಲ್ ಕೆಟ್ಟಿದೆ’ ಅಂದರು ದೊಡ್ಡಪ್ಪ. ಆದರೆ ಬಾಟಲಿಯಲ್ಲಿ ಬರೀ ಹಳೆಯದೇ ಪೂರ್ತಿ ಲೀಟರ್ ಓಡಿತ್ತು. ಫಿಲ್ಟರ್ ಬಿಚ್ಚಿ ನೋಡಿದೆವು, ಸ್ವಚ್ಛ. ಏರ್ ತೆಗೆದು ಮತ್ತೆ ಹಚ್ಚಿದರೆ ಮತ್ತೆ ಅಷ್ಟೇ ಹೊತ್ತಿಗೆ ನಿಂತಿತು. ಈ ಸಲ ಮೇಸ್ತ್ರಿ ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ಸುಯ್ ಅಂತ ಗಾಳಿ ಒಳಗೆ ಎಳೆದ ಶಬ್ದ ಬಂತು. ಮುಚ್ಚಳದಲ್ಲಿರುವ ಗಾಳಿಯ ಸಣ್ಣ ತೂತಿನಲ್ಲಿ ಕಣಜ ಮಣ್ಣು ಮೆತ್ತಿತ್ತು. ಟ್ಯಾಂಕ್ ತೊಳೆದಿದ್ದೆವು, ಮುಚ್ಚಳ ಒರೆಸಿದ್ದೆವು, ತೂತು ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಡೀಸೆಲ್ ಇಳಿದಂತೆ ಟ್ಯಾಂಕಿನೊಳಗೆ ಗಾಳಿ ಬರಲು ದಾರಿಯಿಲ್ಲದೆ ಹರಿವು ನಿಲ್ಲುತ್ತಿತ್ತು. ಸೈಕಲ್ ಕಡ್ಡಿಯಲ್ಲಿ ಚುಚ್ಚಿ ತೆಗೆದ ಮೇಲೆ ಟ್ಯಾಂಕ್ ಖಾಲಿಯಾಗುವವರೆಗೂ ನಿಲ್ಲಲಿಲ್ಲ.

7. ಖರ್ಚು ಮತ್ತು ಉಳಿದ ಕೆಲಸ

ಸೋಸುವ ವ್ಯವಸ್ಥೆಗೆ ಹೌಸಿಂಗ್ 550, ಎಲಿಮೆಂಟ್ ಎರಡು ಜೋಡಿ 480, ಪೈಪ್, ಕಾಕ್, ಕ್ಲಿಪ್ಪು ಸೇರಿ 320, ಪಂಪ್ ಬಾಡಿಗೆ 200. ಒಟ್ಟು 1,550. ಟಿಲ್ಲರ್ ಬೌಲ್, ಕ್ಯಾನುಗಳು ಮನೆಯವೇ. ಎಂಜಿನ್ ರಿಪೇರಿಗೆ ಆದದ್ದು ಬೇರೆ, ಅದು ಹೊಸ ಡೀಸೆಲ್ ಹಾಕಿದ್ದರೂ ಆಗಬೇಕಿದ್ದ ಖರ್ಚು. ಸಿಕ್ಕಿದ ಡೀಸೆಲ್ 120 ಲೀಟರ್, 10,800 ರೂಪಾಯಿಯ ಮಾಲು. 40 ಲೀಟರ್ ಮಾತ್ರ ಇದ್ದಿದ್ದರೆ ನಾನು ಇಷ್ಟು ಓಡಾಡುತ್ತಿರಲಿಲ್ಲ.

ಈ ಡೀಸೆಲ್ಲನ್ನು ದೊಡ್ಡಪ್ಪನ ಮಗನ ಹೊಸ ಗಾಡಿಗೆ ಹಾಕಲು ಕೊಡಲಿಲ್ಲ. ಈಗಿನ ಕಾಮನ್ ರೇಲ್ ಡೀಸೆಲ್ ಗಾಡಿಗಳಲ್ಲಿ ಇಂಜೆಕ್ಟರಿಗೆ ಹೋಗುವ ಡೀಸೆಲ್ಲಿನ ಒತ್ತಡ ಸಾವಿರ ಬಾರ್ ದಾಟಿರುತ್ತದೆ, ಇಂಜೆಕ್ಟರ್ ಸಂದಿಗಳು ಬಹಳ ಸೂಕ್ಷ್ಮ. ಒಂದು ಇಂಜೆಕ್ಟರ್ ಹೋದರೆ ಈ ಡ್ರಮ್ಮಿನ ಬೆಲೆಗಿಂತ ಜಾಸ್ತಿ ಆಗುತ್ತದೆ. ನಮ್ಮ ಪಂಪ್‌ಸೆಟ್ಟಿನ ಹಳೆ ಕಾಲದ ಪಂಪ್, ಸುಮಾರು 200 ಬಾರ್ ಒತ್ತಡದ ನಾಝಲ್, ಇಂಥದ್ದಕ್ಕೆ ಮಾತ್ರ. ಅದಕ್ಕೂ ಅರ್ಧ ಹೊಸದು ಬೆರೆಸಿಯೇ ಹಾಕುತ್ತಿದ್ದೇವೆ. ಫಿಲ್ಟರ್ ಒಂದು ಜೋಡಿ ಹೆಚ್ಚಿಗೆ ತಂದಿಟ್ಟಿದ್ದೇನೆ.

ತಳದ 25 ಲೀಟರ್ ನೀರು, ಲೋಳೆ, ಡೀಸೆಲ್ ಎಲ್ಲ ಬೆರೆತದ್ದು. ಬದುವಿನ ಮೇಲೆ ಸುರಿದುಬಿಡು ಅಂದರು ಕೆಲವರು. ಹೊಂಡ ಹತ್ತಿರದಲ್ಲೇ ಇದೆ, ತೆಂಗಿನ ಬೇರೂ ಇದೆ. ಮುಚ್ಚಳ ಬಿಗಿದ ಕ್ಯಾನಿನಲ್ಲಿ ತುಂಬಿ, ವೇಸ್ಟ್ ಆಯಿಲ್ ಒಟ್ಟು ಮಾಡಿ ಕಳಿಸುವ ಗ್ಯಾರೇಜಿಗೆ ಕೊಟ್ಟೆ. ಸೈಫನ್ನಿನಲ್ಲಿ ಹಾಳಾದ ಕ್ಯಾನಿನ ಮೇಲಿನ ಡೀಸೆಲ್ ನೇಗಿಲು, ಕುಂಟೆ, ರೋಟವೇಟರ್ ಬ್ಲೇಡುಗಳಿಗೆ ತುಕ್ಕು ಹಿಡಿಯದ ಹಾಗೆ ಸವರಲು ಆಗುತ್ತಿದೆ.

ಇನ್ನು ಮುಂದೆ ಇಡುವುದು ಎರಡು 35 ಲೀಟರ್ ಕ್ಯಾನ್ ಮಾತ್ರ, ಕತ್ತಿನವರೆಗೆ ತುಂಬಿಸಿ, ಹಿಗ್ಗಲು ಒಂದಿಷ್ಟು ಜಾಗ ಬಿಟ್ಟು. ತುಂಬಿಸಿದ ತಿಂಗಳನ್ನು ಪೇಂಟಿನಲ್ಲಿ ಬರೆದಿದ್ದೇನೆ. ಒಂದು ವರ್ಷದೊಳಗೆ ಬಳಸಿ ಹೊಸದು ತುಂಬಿಸುವುದು. ದೊಡ್ಡ ಡ್ರಮ್ ಇಡಲೇಬೇಕಾದವರು ಅದನ್ನು ನೆರಳಿನಲ್ಲಿ ಮಲಗಿಸಿ ಇಡಿ. ಎರಡೂ ಬಿರಡೆಗಳು ಪಕ್ಕಕ್ಕೆ ಬಂದು, ಒಳಗಿನ ಡೀಸೆಲ್ಲಿನಲ್ಲಿ ಮುಳುಗಿರಬೇಕು. ಆಗ ಅದು ಮಳೆನೀರು ಎಳೆಯುವುದಿಲ್ಲ.

ಖಾಲಿ ಡ್ರಮ್ಮನ್ನು ಕೊಯ್ಸಿ ಮೇವಿನ ತೊಟ್ಟಿ ಮಾಡೋಣ ಅಂತ ದೊಡ್ಡಪ್ಪ ಹೇಳುತ್ತಿದ್ದಾರೆ. ನಾನಿನ್ನೂ ಒಪ್ಪಿಲ್ಲ. ಡೀಸೆಲ್ ಇದ್ದ ಖಾಲಿ ಡ್ರಮ್ಮಿಗೆ ಗ್ಯಾಸ್ ಕಟರ್ ಅಥವಾ ಗ್ರೈಂಡರ್ ಹಿಡಿದರೆ ಒಳಗಿನ ಆವಿ ಸ್ಫೋಟ ಆಗಬಹುದು. ಡೀಸೆಲ್ ವಾಸನೆ ಇರುವ ತೊಟ್ಟಿಯಲ್ಲಿ ದನ ಮೇವು ತಿನ್ನುವುದೂ ಬೇಡ. ಸದ್ಯಕ್ಕೆ ಬಿರಡೆ ಬಿಗಿದು ಶೆಡ್ಡಿನ ಹೊರಗೆ ಮಲಗಿಸಿದ್ದೇವೆ. ಶೀಟಿನ ತೂತು ಮುಚ್ಚುವ ಕೆಲಸ ಬಾಕಿ ಇದೆ.